ನ್ಯೂಜಿಲೆಂಡಿನ ಸರಕಾರಿ ಪ್ರವಾಸ ಇಲಾಖೆ

ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನೂ ಛತ್ರಗಳನ್ನೂ ಏರ್ಪಡಿಸುವುದು ಪುಣ್ಯಕಾರ್ಯವೆಂದು ನಮ್ಮ ಪ್ರಾಚೀನರು ಎಣಿಸಿದ್ದರೆಂಬುದಕ್ಕೆ ಶಾಸನಗಳಲ್ಲಿ ಹೇರಳವಾದ ಸಾಕ್ಷ್ಯವುಂಟು. ಆದರೆ ದೂರದೇಶದವನನ್ನು ವಿಹಾರಕ್ಕೆಂದು ಕರೆದು, ಅವನ ಮಾರ್ಗವನ್ನು ಗೊತ್ತುಮಾಡಿ, ಟಿಕೆಟ್ಟನ್ನೂ ವಸತಿಯನ್ನೂ ಮುಂಗಡವಾಗಿ ಕಾದಿರಿಸಿಕೊಡುವುದು ಸರಕಾರದ ಕೆಲಸವೆಂಬ ಭಾವನೆ ಈಚಿನದು. ಇದಕ್ಕಾಗಿಯೇ ಪ್ರತ್ಯೇಕ ಇಲಾಖೆಯನ್ನು ಮೊತ್ತಮೊದಲು ತೆರೆದ ದೇಶ ನ್ಯೂಜಿಲೆಂಡ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಡೆದುದು 1901ರಲ್ಲಿ. ಪ್ರಚಾರ, ಪ್ರಯಾಣದ ಏರ್ಪಾಡು, ಸ್ಥಳಗಳ ಒಡೆತನ ಎಂಬ ಮೂರು ಕಾರ್ಯಗಳು ಒಂದೇ ಕೈಯಲ್ಲಿ ಸೇರಿದುದರಿಂದ ಏನಾಯಿತೆಂಬುದನ್ನು ಇಲ್ಲಿ ವಿಚಾರಿಸಬಹುದು.

ಇಲಾಖೆ ಹುಟ್ಟುವುದಕ್ಕೆ ಬಹು ಮೊದಲೇ ಅಲ್ಲಿಗೆ ಪ್ರವಾಸಿಗಳು ಬರುತ್ತಿದ್ದರು. ಉತ್ತರ ದ್ವೀಪದ ರೊಟೊರುವಾ ಪ್ರಾಂತದ ಬಿಸಿನೀರಿನ ಬುಗ್ಗೆಗಳೂ, ತರವೇರಾ ಪರ್ವತದ ಸಮೀಪದಲ್ಲಿದ್ದ ಬಿಳಿಯ ಮತ್ತು ನಸುಗೆಂಪಿನ ಶಿಲಾಸೋಪಾನಗಳೂ ಅವರನ್ನು ಸೆಳೆದಿದ್ದುವು. ಮಾರ್ಗದರ್ಶನವೂ ಆತಿಥ್ಯವೂ ಆ ನೆಲದ ಮೂಲನಿವಾಸಿಗಳಾದ ಮಾವೋರಿ ಜನರ ವೃತ್ತಿಯಾಗಿದ್ದುವು. 1886ನೆಯ ಜೂನ್ 10ರಂದು ತರವೇರಾ ಸ್ಫೋಟಗೊಂಡು ಆ ಸೋಪಾನಗಳು ಕಣ್ಮರೆಯಾದುವು. ಬುಗ್ಗೆಗಳು ಉಳಿದುವು. 1894ರಲ್ಲಿ ರೈಲುಮಾರ್ಗವು ರೊಟೊರುವಾವನ್ನು ಮುಟ್ಟಿತು.

ರೈಲು ಸರಕಾರದ್ದು, ಪ್ರಯಾಣಿಕರು ಹೆಚ್ಚಿದಷ್ಟೂ ಬೊಕ್ಕಸಕ್ಕೆ ಲಾಭ. ರೈಲ್ವೆ ಮಂತ್ರಿಯಾಗಿದ್ದ ಜೋಸೆಫ್ ವಾರ್ಡ್ ಹೊಸ ಇಲಾಖೆಗೂ ಮಂತ್ರಿಯಾದುದು, ರೈಲ್ವೆಯ ಅಧಿಕಾರಿಯಾಗಿದ್ದ ಟಿ. ಇ. ಡಾನ್ ಅದರ ಮುಖ್ಯಸ್ಥನಾದುದು ಆಕಸ್ಮಿಕವಲ್ಲ. ಇಲಾಖೆಯು ಪುಸ್ತಿಕೆಗಳನ್ನೂ ಛಾಯಾಚಿತ್ರಗಳನ್ನೂ ಪರದೇಶಗಳಿಗೆ ಕಳುಹಿಸಿತು. ಮುಖ್ಯ ನಗರಗಳಲ್ಲಿ ಕಚೇರಿಗಳನ್ನು ತೆರೆಯಿತು. ಪ್ರವಾಸಿಯು ಅಲ್ಲಿ ಒಂದೇ ಮೇಜಿನ ಮುಂದೆ ನಿಂತು ಮಾಹಿತಿಯನ್ನು ಕೇಳಬಹುದಾಗಿತ್ತು, ಪ್ರಯಾಣವನ್ನೂ ಗೊತ್ತುಮಾಡಿಕೊಳ್ಳಬಹುದಾಗಿತ್ತು.

ಇಲಾಖೆಯ ಉತ್ಸಾಹ ಅಷ್ಟಕ್ಕೆ ನಿಲ್ಲಲಿಲ್ಲ. ಬೇಟೆಗಾರರನ್ನು ಆಕರ್ಷಿಸಲು 1904ರಲ್ಲಿ ಹಿಮಾಲಯದ ಥಾರ್ ಎಂಬ ಕಾಡುಮೇಕೆಗಳನ್ನೂ, 1907ರಲ್ಲಿ ಆಸ್ಟ್ರಿಯದ ಚಕ್ರವರ್ತಿಯ ಕೊಡುಗೆಯಾಗಿ ಬಂದ ಶಾಮಿ ಎಂಬ ಗುಡ್ಡಮೃಗಗಳನ್ನೂ ದಕ್ಷಿಣ ದ್ವೀಪದ ಪರ್ವತಗಳಲ್ಲಿ ಬಿಡಲಾಯಿತು. ಅವು ವೃದ್ಧಿಹೊಂದಿ ಅಲ್ಲಿಯ ಸಸ್ಯಗಳನ್ನು ಮೇದುಹಾಕಿದುವು; ಮುಂದೆ ಅವುಗಳನ್ನು ಕೊಲ್ಲಿಸುವ ಹೊರೆಯೂ ಸರಕಾರದ ಮೇಲೆಯೇ ಬಿದ್ದಿತು. ರೊಟೊರುವಾದಲ್ಲಿ 1908ರಲ್ಲಿ ತೆರೆದ ಭವ್ಯ ಸ್ನಾನಗೃಹದ ಕಥೆಯೂ ಇಂತಹುದೇ. ಗಂಧಕದ ಆವಿಯಿಂದ ಕೊಳವೆಗಳು ಸವೆದು, ದುರಸ್ತಿಗೆ ಕೊನೆಯಿಲ್ಲವಾಯಿತು. ಕೊನೆಗೆ ಅಲ್ಲಿ ಸ್ನಾನಚಿಕಿತ್ಸೆ ನಿಂತಿತು. 1969ರಲ್ಲಿ ಕಟ್ಟಡವು ವಸ್ತುಸಂಗ್ರಹಾಲಯವಾಯಿತು.

ಆದರೆ ಹಣದ ನಷ್ಟಕ್ಕಿಂತ ಹೆಚ್ಚು ವಿಚಾರಾರ್ಹವಾದುದು ವೈಟೊಮೊ ಗುಹೆಯ ಪ್ರಕರಣ. ಮಾವೋರಿ ಮುಖಂಡ ತಾನೆ ತಿನೊರಾವು 1887ರಲ್ಲಿ ಇಂಗ್ಲಿಷ್ ಮೋಜಣಿದಾರ ಫ್ರೆಡ್ ಮೇಸನೊಡನೆ ತೆಪ್ಪದಲ್ಲಿ ಆ ಗುಹೆಯನ್ನು ಹೊಕ್ಕನು. ಒಳಗಿನ ಛಾವಣಿಯಲ್ಲಿ ಬೆಳಕನ್ನು ಸೂಸುವ ಹುಳುಗಳು ನಕ್ಷತ್ರಗಳಂತೆ ಕಂಡುವು. 1889ರಲ್ಲಿ ತಿನೊರಾವು ಗುಹೆಯನ್ನು ಜನರಿಗೆ ತೆರೆದು, ಅವನೂ ಅವನ ಹೆಂಡತಿ ಹೂತಿಯೂ ಹಣವನ್ನು ಪಡೆದು ಅದನ್ನು ತೋರಿಸುತ್ತಿದ್ದರು. 1906ರಲ್ಲಿ ಅದರ ಆಡಳಿತವನ್ನು ಸರಕಾರ ವಹಿಸಿಕೊಂಡಿತು. ನೋಡಲು ಬಂದವರು ಗುಹೆಯನ್ನು ಕೆಡಿಸುತ್ತಿದ್ದರೆಂಬುದು ಕೊಟ್ಟ ಕಾರಣ. ಈ ಕಾರಣವನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ ಪ್ರವಾಸಿಯನ್ನು ಕರೆತರುವವನೂ, ಅವನಿಂದ ಸ್ಥಳಕ್ಕೆ ಹಾನಿಯಾಯಿತೆಂದು ನಿರ್ಣಯಿಸುವವನೂ, ಆ ನಿರ್ಣಯದಿಂದ ಬಾಗಿಲಿನ ಹಣವನ್ನು ಪಡೆಯುವವನೂ ಒಬ್ಬನೇ ಆದಾಗ ನ್ಯಾಯವು ಸಂದೇಹಾಸ್ಪದವಾಗುತ್ತದೆ. 1989ರಲ್ಲಿ ಆ ನೆಲವನ್ನೂ ಗುಹೆಯನ್ನೂ ಮೂಲ ಒಡೆಯರ ವಂಶದವರಿಗೆ ಹಿಂದಿರುಗಿಸಲಾಯಿತು. ನಡುವೆ ಕಳೆದುದು 83 ವರ್ಷ.

ಇಲಾಖೆಯ ಪ್ರಕಟಣೆಗಳು ಮಾವೋರಿಯರನ್ನು ಬಹುಮಟ್ಟಿಗೆ ನೋಟದ ವಸ್ತುವನ್ನಾಗಿ ಚಿತ್ರಿಸಿದುವು. ಆದರೂ ಅವರು ಕೇವಲ ನೋಟದ ವಸ್ತುವಾಗಿ ಉಳಿಯಲಿಲ್ಲವೆಂಬುದಕ್ಕೆ ಮಾಕೆರೆತಿಯ ಜೀವಿತವೇ ನಿದರ್ಶನ. ಮ್ಯಾಗಿ ಪಾಪಕುರಾ ಎಂಬ ಹೆಸರಿನಿಂದ ಪ್ರಸಿದ್ಧಳಾದ ಈಕೆ ವಾಕರೆವರೆವಾದ ಬುಗ್ಗೆಗಳಲ್ಲಿ ಮಾರ್ಗದರ್ಶಿಯಾಗಿದ್ದು, ಆ ಪ್ರಾಂತಕ್ಕೆ ತಾನೇ ಒಂದು ಕೈಪಿಡಿಯನ್ನು ಬರೆದಳು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರವನ್ನು ಅಭ್ಯಸಿಸಿ, ತನ್ನ ಜನರ ಆಚಾರವ್ಯವಹಾರಗಳನ್ನು ಕುರಿತು ಪ್ರಬಂಧವನ್ನು ಸಿದ್ಧಪಡಿಸುತ್ತಿದ್ದಾಗ 1930ರಲ್ಲಿ ತೀರಿಕೊಂಡಳು. ಆ ಗ್ರಂಥವು 1938ರಲ್ಲಿ ಪ್ರಕಟವಾಯಿತು. ಪರರು ವರ್ಣಿಸುತ್ತಿದ್ದ ಜನವು ಇಲ್ಲಿ ತನ್ನನ್ನು ತಾನೇ ವರ್ಣಿಸಿಕೊಂಡಿತು.

ಶತಮಾನದ ಕೊನೆಗೆ ಮೂರು ಕಾರ್ಯಗಳೂ ಬೇರ್ಪಟ್ಟುವು. ಸರಕಾರಿ ಹೋಟೆಲುಗಳು 1990ರಲ್ಲಿ ಮಾರಾಟವಾದುವು. ಟಿಕೆಟ್ಟು ಕೊಡುವ ಕಚೇರಿಗಳನ್ನೂ ಸರಕಾರ ಬಿಟ್ಟುಕೊಟ್ಟಿತು. ಪ್ರಚಾರಕ್ಕೆ 1991ರಲ್ಲಿ ಬೇರೆ ಮಂಡಲಿ ಏರ್ಪಟ್ಟಿತು. ಒಟ್ಟಿನಲ್ಲಿ ನೋಡಿದರೆ, ದೂರದ ಒಂದು ಸಣ್ಣ ದೇಶವನ್ನು ಲೋಕಕ್ಕೆ ಪರಿಚಯಮಾಡಿಕೊಟ್ಟ ಶ್ರೇಯಸ್ಸು ಈ ಇಲಾಖೆಗೆ ಸಲ್ಲತಕ್ಕದ್ದು. ಆದರೆ ಅತಿಥಿಯ ಸೌಕರ್ಯವನ್ನು ಲೆಕ್ಕವಿಟ್ಟಷ್ಟು ಎಚ್ಚರದಿಂದ ಅದು ಆತಿಥೇಯನ ಹಕ್ಕನ್ನು ಲೆಕ್ಕವಿಡಲಿಲ್ಲ. ಈ ಕಾರ್ಯಕ್ಕೆ ಕೈಹಾಕುವ ಯಾವ ಸರಕಾರವಾದರೂ ಮನಗಾಣಬೇಕಾದ ಸಂಗತಿ ಇದು.