ಸರೋವರ ಸೀಮೆಯ ಕಲ್ಲುಮನೆಗಳು ಬಿಡಾರಗಳಾದ ಬಗೆ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟಿನ ಹಳೆಯ ಮನೆಗಳ ಬಾಗಿಲ ಮೇಲ್ಗಡೆ, ಕೆಲವೊಮ್ಮೆ ಒಳಗಿನ ಓಕ್ ಮರದ ಕಪಾಟಿನ ಮೇಲೆ, ಮೂರು ಅಕ್ಷರಗಳನ್ನೂ ಒಂದು ಇಸವಿಯನ್ನೂ ಕೆತ್ತಿರುವುದು ಕಾಣುತ್ತದೆ. ಮೇಲಿನ ಅಕ್ಷರ ಮನೆತನದ ಹೆಸರಿನದು. ಕೆಳಗಿನ ಎರಡು ಗಂಡ ಹೆಂಡಿರವು. ಇಸವಿ ಸಾಮಾನ್ಯವಾಗಿ 1650ರಿಂದ 1750ರೊಳಗಿನದು. ಅಂಥ ಎಷ್ಟೋ ಬಾಗಿಲುಗಳ ಪಕ್ಕದ ಗೋಡೆಯಲ್ಲಿ ಈಗ ಅಂಗೈಯಗಲದ ಉಕ್ಕಿನ ಪೆಟ್ಟಿಗೆಯೊಂದು ಕೂತಿದೆ. ಗುಟ್ಟಿನ ಸಂಖ್ಯೆಯನ್ನು ಹೊಂದಿಸಿದರೆ ಅದು ತೆರೆದುಕೊಳ್ಳುತ್ತದೆ. ಒಳಗೆ ಬೀಗದ ಕೈ. ವಾರದ ಬಾಡಿಗೆಯನ್ನು ಮೊದಲೇ ಕಟ್ಟಿದ ಕುಟುಂಬವೊಂದು ಕಾರಿನಿಂದ ದಿನಸಿ ಚೀಲಗಳನ್ನು ಇಳಿಸಿಕೊಂಡು ಒಳಗೆ ಹೋಗುತ್ತದೆ. ಸ್ವಾಗತಿಸುವವರಿಲ್ಲ, ಬಡಿಸುವವರಿಲ್ಲ. ಒಲೆ ಇದೆ, ಪಾತ್ರೆಗಳಿವೆ, ಅಡುಗೆ ಬಂದವರದೇ. ಅಲ್ಲಿನವರು ಇದನ್ನು ‘ಸೆಲ್ಫ್ ಕೇಟರಿಂಗ್ ಕಾಟೇಜ್’ ಎನ್ನುತ್ತಾರೆ.

ಆ ಮೂರು ಅಕ್ಷರಗಳಿಂದ ಈ ಉಕ್ಕಿನ ಪೆಟ್ಟಿಗೆಯವರೆಗಿನ ದಾರಿ ಸುಮಾರು ನಾಲ್ಕು ಶತಮಾನಗಳಷ್ಟು ಉದ್ದದ್ದು. ಒಂದು ನಾಡು ಚೆಲುವಾಗಿದೆ ಎಂದು ಜಗತ್ತಿಗೆಲ್ಲ ಗೊತ್ತಾದ ಮೇಲೆ ಅಲ್ಲಿ ವಾಸ ಮಾಡುವವರು ಯಾರು ಎಂಬ ಪ್ರಶ್ನೆ ಆ ದಾರಿಯುದ್ದಕ್ಕೂ ಎದುರಾಗುತ್ತದೆ.

ಕನ್ನಡದ ಓದುಗರಿಗೆ ಈ ಸೀಮೆ ತೀರ ಅಪರಿಚಿತವಲ್ಲ. ಡ್ಯಾಫೊಡಿಲ್ ಹೂಗಳ ಮೇಲಿನ ವರ್ಡ್ಸ್‌ವರ್ತನ ಪದ್ಯವನ್ನು ನಮ್ಮ ಶಾಲಾ ಕಾಲೇಜುಗಳಲ್ಲಿ ಹಲವು ತಲೆಮಾರುಗಳು ಬಾಯಿಪಾಠ ಮಾಡಿವೆ. ಆ ಹೂಗಳನ್ನು ಕವಿ ಮತ್ತು ಅವನ ತಂಗಿ ಡೊರೊತಿ ಕಂಡದ್ದು 1802ರ ಏಪ್ರಿಲ್ 15ರಂದು, ಇಲ್ಲಿನ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ. ಹಿಮನದಿಗಳು ಕೊರೆದ ಕಣಿವೆಗಳು, ಆ ಕಣಿವೆಗಳಲ್ಲಿ ನಿಂತ ನೀರು, ಸುತ್ತ ಮರಗಳಿಲ್ಲದ ಬೋಳು ಗುಡ್ಡಗಳು: ಈ ಸೀಮೆಯ ಸ್ವರೂಪ ಇಷ್ಟು. ಗುಡ್ಡಕ್ಕೆ ಅಲ್ಲಿ ‘ಫೆಲ್’ ಎಂದು ಹೆಸರು. ಸಾವಿರ ವರ್ಷಗಳ ಹಿಂದೆ ಬಂದು ನೆಲೆಸಿದ ನಾರ್ಸ್ ಜನರ ಮಾತು ಅದು. ಹಳ್ಳಕ್ಕೆ ‘ಬೆಕ್’, ಗುಡ್ಡದ ಮೇಲಿನ ಪುಟ್ಟ ಕೊಳಕ್ಕೆ ‘ಟಾರ್ನ್’ ಎನ್ನುವುದೂ ಅವರಿಂದಲೇ ಬಂದದ್ದು. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ ಇಲ್ಲಿದೆ. ಅದರ ಎತ್ತರ 978 ಮೀಟರ್, ಅಷ್ಟೇ. ಆದರೆ ಈ ಗುಡ್ಡಗಳ ಹೆಸರು ಎತ್ತರದಿಂದ ಬಂದುದಲ್ಲ.

ಮನೆಗಳ ಕಥೆ ಆರಂಭವಾಗುವುದು ಒಂದು ಗೇಣಿ ವ್ಯಾಜ್ಯದಿಂದ. ಸ್ಕಾಟ್ಲೆಂಡಿನ ಗಡಿಗೆ ಹತ್ತಿರದ ಈ ಕಣಿವೆಗಳ ರೈತರು ಜಮೀನುದಾರನಿಗೆ ಅಲ್ಪ ಗೇಣಿ ಕೊಡುತ್ತಿದ್ದರು. ಪ್ರತಿಯಾಗಿ ಗಡಿಯಲ್ಲಿ ಕಾಳಗ ಹತ್ತಿದಾಗ ಆಯುಧ ಹಿಡಿದು ಹೋಗಬೇಕಿತ್ತು. ಹಿಡುವಳಿ ಅಪ್ಪನಿಂದ ಮಗನಿಗೆ ಬರುತ್ತಿತ್ತು. ನಮ್ಮ ಕರಾವಳಿಯ ಕಡೆಯವರಿಗೆ ‘ಮೂಲಗೇಣಿ’ ಎಂದರೆ ಇದು ಬಹುಮಟ್ಟಿಗೆ ಅರ್ಥವಾದೀತು. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸನೇ ಇಂಗ್ಲೆಂಡಿಗೂ ದೊರೆಯಾದ. ಎರಡೂ ಕಡೆ ಒಬ್ಬನೇ ಅರಸನಾದ ಮೇಲೆ ಗಡಿ ಕಾಯುವ ಕೆಲಸವೆಲ್ಲಿ ಉಳಿಯಿತು? ಆ ಸೇವೆಯೇ ಇಲ್ಲವಾದ ಮೇಲೆ ಈ ವಿಶೇಷ ಹಕ್ಕೂ ಇಲ್ಲ ಎಂದು ಅರಸನೂ ಜಮೀನುದಾರರೂ ವಾದ ಹೂಡಿದರು. ರೈತರು ಒಟ್ಟುಗೂಡಿ ಪ್ರತಿಭಟಿಸಿದರು. ವ್ಯಾಜ್ಯ ಸ್ಟಾರ್ ಚೇಂಬರ್ ನ್ಯಾಯಾಲಯದವರೆಗೆ ಹೋಯಿತು. 1625ರಲ್ಲಿ ತೀರ್ಪು ರೈತರ ಪರವಾಗಿ ಬಂತು: ಹಿಡುವಳಿ ವಂಶಪಾರಂಪರ್ಯದ್ದು, ಅದು ಗಡಿ ಸೇವೆಯನ್ನು ಅವಲಂಬಿಸಿಲ್ಲ.

ನೆಲ ಕೈತಪ್ಪುವುದಿಲ್ಲ ಎಂಬ ಭರವಸೆ ಹುಟ್ಟಿದಾಗಲೇ ಮನುಷ್ಯ ಕಲ್ಲಿನಲ್ಲಿ ಮನೆ ಕಟ್ಟುವುದು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಕಣಿವೆ ಕಣಿವೆಗಳಲ್ಲಿ ಮರ ಮಣ್ಣಿನ ಗುಡಿಸಲುಗಳು ಹೋಗಿ, ದಪ್ಪ ಕಲ್ಲುಗೋಡೆ, ಸ್ಲೇಟು ಕಲ್ಲಿನ ಮಾಡು, ದುಂಡನೆಯ ಹೊಗೆಗೂಡುಗಳ ಮನೆಗಳು ಎದ್ದವು. ಒಂದು ಕಡೆ ಉರಿಯುವ ಒಲೆಯ ದೊಡ್ಡ ಕೋಣೆ, ನಡುವೆ ಓಣಿ, ಇನ್ನೊಂದು ಕಡೆ ಹುದುಗಿಸುವ, ತೊಳೆಯುವ, ಸಾಮಾನು ಇಡುವ ಜಾಗ. ಕೆಲವು ಮನೆಗಳ ಹೊರಗೋಡೆಗೆ ಮರದ ಮೊಗಸಾಲೆ. ಇಳಿಜಾರಿಗೆ ಒರಗಿಸಿ ಕಟ್ಟಿದ ಕೊಟ್ಟಿಗೆ: ಕೆಳಗೆ ದನ, ಮೇಲೆ ಹುಲ್ಲು. ಟ್ರೌಟ್‌ಬೆಕ್ ಹಳ್ಳಿಯ ಟೌನೆಂಡ್ ಎಂಬ ಮನೆಯಲ್ಲಿ ಬ್ರೌನ್ ಮನೆತನದವರು ತಲೆಮಾರುಗಳ ಕಾಲ, 1943ರವರೆಗೆ, ವಾಸವಾಗಿದ್ದರು; ಅವರು ಕೆತ್ತಿಸಿದ ಮರದ ಸಾಮಾನುಗಳು ಈಗಲೂ ಅಲ್ಲಿವೆ. ಇಂಥ ಸ್ವತಂತ್ರ ಸಣ್ಣ ರೈತರನ್ನು ಆ ಸೀಮೆಯಲ್ಲಿ ‘ಸ್ಟೇಟ್ಸ್‌ಮನ್’ ಎಂದು ಕರೆಯುತ್ತಿದ್ದರು. ರಾಜಕೀಯಕ್ಕೂ ಈ ಮಾತಿಗೂ ಸಂಬಂಧವಿಲ್ಲ. ‘ಎಸ್ಟೇಟ್’ ಉಳ್ಳವನು ಎಂಬಷ್ಟೇ ಅರ್ಥ.

ಅವರ ಬದುಕು ಕುರಿಯದು. ಮನೆಯ ಹೆಂಗಸರು ಉಣ್ಣೆ ನೂಲುತ್ತಿದ್ದರು, ಅದರ ಕಾಸು ಸಂಸಾರಕ್ಕೆ ಆಧಾರವಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ ನೂಲುವ ಯಂತ್ರಗಳು ಆ ಕಾಸನ್ನು ಕಸಿದುಕೊಂಡವು. ಸಾಲಕ್ಕೆ ಬಿದ್ದ ಹಿಡುವಳಿಗಳು ಒಂದೊಂದಾಗಿ ಮಾರಾಟವಾದವು. ವರ್ಡ್ಸ್‌ವರ್ತ್ 1800ರಲ್ಲಿ ಬರೆದ ‘ಮೈಕೆಲ್’ ಎಂಬ ಕಥನಕವನದ ವಸ್ತು ಇದೇ. ಮರುವರ್ಷ ಜನವರಿಯಲ್ಲಿ ಅವನು ತನ್ನ ಕವನ ಸಂಗ್ರಹವನ್ನು ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸ್‌ಗೆ ಕಳುಹಿಸಿ, ಈ ಸಣ್ಣ ಹಿಡುವಳಿದಾರರ ವರ್ಗ ಕಣ್ಮರೆಯಾಗುತ್ತಿರುವುದರತ್ತ ಗಮನ ಸೆಳೆದ.

ಅದೇ ಹೊತ್ತಿಗೆ ಬೇರೊಂದು ಬಗೆಯ ಜನ ಈ ಕಣಿವೆಗಳತ್ತ ಮುಖ ಮಾಡಿದ್ದರು. ಕವಿ ಥಾಮಸ್ ಗ್ರೇ 1769ರಲ್ಲಿ ಇಲ್ಲಿ ಸುತ್ತಾಡಿದ. 1778ರಲ್ಲಿ ಥಾಮಸ್ ವೆಸ್ಟ್ ಎಂಬ ಪಾದ್ರಿ ಪ್ರಕಟಿಸಿದ ಕೈಪಿಡಿ, ಯಾವ ಸರೋವರವನ್ನು ಯಾವ ಜಾಗದಲ್ಲಿ ನಿಂತು ನೋಡಬೇಕು ಎಂದು ಗೊತ್ತುಪಡಿಸಿತು. ಪ್ರವಾಸಿಗರು ಅಲ್ಲಿಗೆ ಹೋಗಿ, ದೃಶ್ಯಕ್ಕೆ ಬೆನ್ನು ಹಾಕಿ ನಿಂತು, ಕೈಯಲ್ಲಿನ ಪುಟ್ಟ ಕಪ್ಪು ಕನ್ನಡಿಯೊಳಗೆ ಅದರ ಪ್ರತಿಬಿಂಬ ನೋಡಿ ಚಿತ್ರದಂತಿದೆ ಎಂದು ಸಂತೋಷಪಡುತ್ತಿದ್ದರು. ಇಂದು ಮೊಬೈಲ್ ಹಿಡಿದು ಬೆನ್ನು ತಿರುಗಿಸಿ ನಿಲ್ಲುವವರನ್ನು ಕಂಡು ನಗುವವರು ಇದನ್ನು ನೆನೆಯಬೇಕು.

ವರ್ಡ್ಸ್‌ವರ್ತನೂ ಒಂದು ಅರ್ಥದಲ್ಲಿ ಬಾಡಿಗೆ ಬಿಡಾರದವನೇ. ಅವನು ಹುಟ್ಟಿದ್ದು ಇದೇ ಸೀಮೆಯ ಅಂಚಿನ ಕಾಕರ್‌ಮತ್‌ನಲ್ಲಿ ಎಂಬುದು ನಿಜ. ಆದರೆ ಗ್ರಾಸ್‌ಮಿಯರ್ ಹಳ್ಳಿಯಲ್ಲಿ 1799ರ ಡಿಸೆಂಬರಿನಲ್ಲಿ ತಂಗಿಯೊಡನೆ ಅವನು ಬಂದಿಳಿದ ‘ಡವ್ ಕಾಟೇಜ್’ ಬಾಡಿಗೆಯ ಮನೆ. ಅದಕ್ಕೂ ಹಿಂದೆ ಅದೊಂದು ಹೆಂಡದಂಗಡಿ. 1808ರವರೆಗೆ ಅಲ್ಲಿ ಬರೆದ ಕವಿತೆಗಳೇ ಕಾಟೇಜಿನ ಬಾಳಿಗೆ ಒಂದು ಪಾವಿತ್ರ್ಯವನ್ನು ತಂದುಕೊಟ್ಟವು. ಮುಂದೆ 1810ರಲ್ಲಿ ಮೊದಲು ಹೆಸರಿಲ್ಲದೆ, ಆಮೇಲೆ ಹೆಸರು ಹಾಕಿ ಅವನು ಬರೆದ ಮಾರ್ಗದರ್ಶಿಯಲ್ಲಿ ಈ ರೈತರ ಮನೆಗಳು ಬಂಡೆಯಿಂದಲೇ ಬೆಳೆದು ಬಂದವೇನೋ ಎಂಬಂತೆ ಕಾಣುತ್ತವೆ ಎಂದು ಮೆಚ್ಚಿದ. ಹೊರಗಿನಿಂದ ಬಂದ ಸಿರಿವಂತರ ಬಿಳಿ ಬಂಗಲೆಗಳು ಕಣ್ಣಿಗೆ ರಾಚುತ್ತವೆಂದು ದೂರಿದ. ನೋಡುವ ಕಣ್ಣುಳ್ಳ ಎಲ್ಲರಿಗೂ ಈ ಸೀಮೆಯಲ್ಲಿ ಪಾಲಿದೆ, ಇದು ಒಂದು ಬಗೆಯ ರಾಷ್ಟ್ರದ ಆಸ್ತಿ ಎಂಬ ವಿಚಾರವೂ ಆ ಪುಸ್ತಕದ್ದೇ. ಆದರೆ 1844ರಲ್ಲಿ ವಿಂಡರ್‌ಮಿಯರ್‌ವರೆಗೆ ರೈಲು ತರುವ ಯೋಜನೆ ಬಂದಾಗ ಪತ್ರಿಕೆಗೆ ಕಾಗದ ಬರೆದು ವಿರೋಧಿಸಿದವನೂ ಅವನೇ. ಕಾರ್ಖಾನೆಯ ಕೂಲಿಗಳು ಗುಂಪುಗುಂಪಾಗಿ ಬಂದರೆ ಅವರು ಬಯಸುವ ಪ್ರಶಾಂತತೆಯೇ ಉಳಿಯದು ಎಂಬುದು ಅವನ ವಾದ. ಎಲ್ಲರದೂ ಆದ ಆಸ್ತಿಗೆ ಎಲ್ಲರೂ ಬರಬಾರದು ಎಂದಂತಾಯಿತು. ರೈಲು 1847ರಲ್ಲಿ ಬಂದೇ ಬಂತು.

ರೈಲಿನ ಜತೆಗೆ ತಂಗುವ ವ್ಯವಹಾರವೂ ಬೆಳೆಯಿತು. ಅಂದಿನ ‘ಅಪಾರ್ಟ್‌ಮೆಂಟ್ಸ್’ ಪದ್ಧತಿ ಇಂದಿನವರಿಗೆ ವಿಚಿತ್ರವಾಗಿ ಕಂಡೀತು. ಬಂದವರು ಕೋಣೆ ಹಿಡಿಯುತ್ತಿದ್ದರು. ಮಾಂಸ, ಬೆಣ್ಣೆ, ತರಕಾರಿಗಳನ್ನು ತಾವೇ ಪೇಟೆಯಿಂದ ಕೊಂಡು ತರುತ್ತಿದ್ದರು. ಮನೆಯೊಡತಿ ಅದನ್ನು ಬೇಯಿಸಿ ಕೊಡುತ್ತಿದ್ದಳು. ಒಂದೇ ಒಲೆಯ ಮೇಲೆ ಮೂರು ಸಂಸಾರಗಳ ಪಾತ್ರೆ. ಸಿರಿವಂತರು ಇಡೀ ಬಂಗಲೆಯನ್ನೇ ಬೇಸಿಗೆಗೆ ಹಿಡಿದು, ಅಡುಗೆಯವರು, ಆಳುಕಾಳುಗಳನ್ನು ಲಂಡನ್ನಿನಿಂದಲೇ ಕರೆತರುತ್ತಿದ್ದರು. ಅಂದರೆ ದಿನಸಿ ಅತಿಥಿಯದು, ಬೆವರು ಬೇರೆಯವರದು. ಊರಿನ ದುಡಿಯುವ ಜನಕ್ಕೆ ಮನೆ ಸಾಲದೆಂಬ ಕೂಗು ಆಗಲೇ ಎದ್ದಿತ್ತು. ಆಂಬಲ್‌ಸೈಡ್‌ನಲ್ಲಿ ನೆಲೆಸಿದ ಲೇಖಕಿ ಹ್ಯಾರಿಯೆಟ್ ಮಾರ್ಟಿನೊ 1840ರ ದಶಕದ ಕೊನೆಯಲ್ಲೇ ಅವರಿಗೆ ಮನೆ ಕಟ್ಟಿಕೊಡಲು ಒಂದು ಸಂಘ ಮಾಡಿದ್ದಳು.

ಹಾಗೆ ಬೇಸಿಗೆ ಬಂಗಲೆಗೆ ಬಂದ ಕುಟುಂಬಗಳಲ್ಲಿ ಲಂಡನ್ನಿನ ಪಾಟರ್ ಕುಟುಂಬವೂ ಒಂದು. 1882ರಲ್ಲಿ ಅವರು ವಿಂಡರ್‌ಮಿಯರ್ ದಂಡೆಯ ರೇ ಕ್ಯಾಸಲ್ ಹಿಡಿದಾಗ ಮಗಳು ಬಿಯಾಟ್ರಿಕ್ಸ್‌ಗೆ ಹದಿನಾರು. ಮುಂದೆ ಪೀಟರ್ ರ‍್ಯಾಬಿಟ್ ಕಥೆಗಳಿಂದ ಹೆಸರಾದ ಅವಳು 1905ರಲ್ಲಿ ನಿಯರ್ ಸಾರೆ ಹಳ್ಳಿಯ ಹಿಲ್ ಟಾಪ್ ಹೊಲಮನೆಯನ್ನು ಕೊಂಡಳು. ಅಲ್ಲಿದ್ದ ಬೇಸಾಯದ ಸಂಸಾರವನ್ನು ಎಬ್ಬಿಸಲಿಲ್ಲ. ಅವರಿಗಾಗಿ ಮನೆಗೆ ಹೊಸ ಭಾಗ ಸೇರಿಸಿ, ಗೋಡೆಗೆ ತನ್ನ ಹೆಸರಿನ ಮೊದಲಕ್ಷರಗಳನ್ನೂ 1906 ಎಂಬ ಇಸವಿಯನ್ನೂ ಹಾಕಿಸಿದಳು, ಹಳೆಯ ಸ್ಟೇಟ್ಸ್‌ಮನ್‌ಗಳ ರೀತಿಯಲ್ಲೇ. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಮಿಕ್ಕ ನೆಲವನ್ನೂ ಹದಿನಾಲ್ಕು ಹದಿನೈದು ಹೊಲಮನೆಗಳನ್ನೂ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದಳು. ಗುಡ್ಡದ ಹೊಲಮನೆಗಳಲ್ಲಿ ಹರ್ಡ್‌ವಿಕ್ ಕುರಿಗಳನ್ನೇ ಸಾಕಬೇಕೆಂದು ಉಯಿಲಿನಲ್ಲಿ ಬರೆಸಿದ್ದಳು. ಬೇಲಿಯಿಲ್ಲದ ಗುಡ್ಡದಲ್ಲಿ ತನ್ನ ಮೇವಿನ ಎಲ್ಲೆಯನ್ನು ತಾಯಿಕುರಿ ಮರಿಗೆ ಕಲಿಸುತ್ತದೆ; ಹೊಲಮನೆಯ ಗೇಣಿದಾರ ಬದಲಾದರೂ ಮಂದೆ ಅಲ್ಲೇ ಉಳಿಯುತ್ತದೆ. ಕವಿಗಳು ಮೆಚ್ಚಿದ ಬೋಳುಗುಡ್ಡ ಈ ಕುರಿಗಳು ಮೇದು ಮಾಡಿದ ಕೆತ್ತನೆ ಎಂಬುದನ್ನು ಅವಳಷ್ಟು ಸ್ಪಷ್ಟವಾಗಿ ಅರಿತವರು ಕಡಿಮೆ.

ಇಪ್ಪತ್ತನೆಯ ಶತಮಾನದಲ್ಲಿ ರಜೆ ಎಂಬುದು ಸಾಮಾನ್ಯರ ಕೈಗೂ ಎಟಕಿತು. 1930ರಲ್ಲಿ ಆರಂಭವಾದ ಯೂತ್ ಹಾಸ್ಟೆಲ್‌ಗಳಲ್ಲಿ ನಡೆದು ಬಂದವರು ತಾವೇ ಬೇಯಿಸಿಕೊಳ್ಳುವ ಅಡುಗೆಮನೆಯಿತ್ತು. 1938ರ ಕಾನೂನು ಸಂಬಳ ಸಹಿತ ರಜೆಗೆ ದಾರಿ ಮಾಡಿತು. 1951ರಲ್ಲಿ ಈ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. 1970ರಲ್ಲಿ ಎಂ-6 ಹೆದ್ದಾರಿ ಇದರ ಪೂರ್ವದ ಮಗ್ಗುಲಲ್ಲಿ ಹಾದುಹೋದ ಮೇಲೆ ಮ್ಯಾಂಚೆಸ್ಟರಿನವರು ಬೆಳಗಿನ ಕಾಫಿ ಮುಗಿಸಿ ಹೊರಟು ಮಧ್ಯಾಹ್ನದ ಊಟಕ್ಕೆ ಸರೋವರದ ದಂಡೆ ಸೇರಬಹುದಾಯಿತು.

ಹೊಲಮನೆಗಳಲ್ಲಿ ನಡೆದ ಬದಲಾವಣೆ ಇದಕ್ಕೆ ಸರಿಯಾಗಿ ಕೂಡಿಬಂತು. ಟ್ರ್ಯಾಕ್ಟರ್ ಬಂದು ಆಳುಗಳು ಹೋದರು. ಆಳಿನ ಮನೆ ಖಾಲಿಯಾಯಿತು. ಹುಲ್ಲು ಕೂಡಿಡುವ ವಿಧಾನ ಬದಲಾಗಿ ಕಲ್ಲಿನ ಕೊಟ್ಟಿಗೆ ಬೇಡವಾಯಿತು. ಅಲ್ಲಿಯವರೆಗೆ ಒಂದೆರಡು ಕೋಣೆ ಬಿಟ್ಟುಕೊಟ್ಟು, ಅತಿಥಿಗಳಿಗೆ ಬೆಳಗಿನ ತಿಂಡಿ, ಸಂಜೆಯ ಊಟ ಮಾಡಿ ಬಡಿಸುತ್ತಿದ್ದ ರೈತನ ಹೆಂಡತಿಗೆ ಹಾಲು ಕರೆಯುವುದು, ಮರಿಗಳಿಗೆ ಬಾಟಲಿ ಹಿಡಿಯುವುದರ ನಡುವೆ ಈ ಚಾಕರಿಯೂ ಸೇರಿತ್ತು. ಅದಕ್ಕಿಂತ ಖಾಲಿ ಮನೆಗೆ ಒಂದು ಗ್ಯಾಸ್ ಒಲೆ, ನಾಲ್ಕು ಮಂಚ ಹಾಕಿ ಬೀಗದ ಕೈ ಕೊಟ್ಟುಬಿಡುವುದು ಎಷ್ಟೋ ಮೇಲು. ಆ ಕಾಲದ ಬಿಡಾರಗಳಲ್ಲಿ ಹಾಸಿಗೆ ಬಟ್ಟೆಯನ್ನು ಬಂದವರೇ ತರಬೇಕಿತ್ತು. ವಿದ್ಯುತ್ತಿಗೆ ನಾಣ್ಯ ನುಂಗುವ ಮೀಟರು ಇರುತ್ತಿತ್ತು, ನಾಣ್ಯ ಮುಗಿದರೆ ಸಾರು ಅರ್ಧ ಬೆಂದಂತೆಯೇ ಕತ್ತಲು. ಶನಿವಾರದಿಂದ ಶನಿವಾರಕ್ಕೆ ಬಾಡಿಗೆ. ಹೊಲದಾಚೆಯ ಮನೆಯಲ್ಲಿ ರೈತ ಇರುತ್ತಿದ್ದ, ಮಕ್ಕಳು ಮೊಟ್ಟೆ ತರಲು ಅಲ್ಲಿಗೆ ಓಡುತ್ತಿದ್ದವು. ಕುರಿಯ ಆದಾಯ ಕುಸಿದ ವರ್ಷಗಳಲ್ಲಿ ಎಷ್ಟೋ ಸಂಸಾರಗಳನ್ನು ಗುಡ್ಡದ ಮೇಲೆ ಉಳಿಸಿದ್ದು ಈ ಬಾಡಿಗೆಯೇ. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಇದರ ಮಹತ್ವ ತಿಳಿಯಿತು. ದೇಶದಲ್ಲೇ ಹೆಚ್ಚು ಪೆಟ್ಟು ತಿಂದದ್ದು ಈ ಸೀಮೆಯನ್ನೊಳಗೊಂಡ ಕಂಬ್ರಿಯ ಕೌಂಟಿ. ಕಾಲುದಾರಿಗಳನ್ನೆಲ್ಲ ಮುಚ್ಚಿದರು. ಮಂದೆ ಕಳೆದುಕೊಂಡ ರೈತನಿಗೆ ಪರಿಹಾರ ಸಿಕ್ಕಿತು. ಖಾಲಿ ಬಿದ್ದ ಬಿಡಾರಗಳಿಗೆ ಅಂಥ ಪರಿಹಾರವಿರಲಿಲ್ಲ.

ಆದರೆ ಅಷ್ಟರಲ್ಲಿ ಬಿಡಾರದ ಒಡೆಯ ಬದಲಾಗಿದ್ದ. ಹೊಲದಾಚೆಯ ರೈತನ ಜಾಗಕ್ಕೆ ದೂರದ ನಗರದ ಹೂಡಿಕೆದಾರ ಬಂದಿದ್ದ. 1984ರ ತೆರಿಗೆ ಕಾನೂನು ರಜೆ ಬಾಡಿಗೆಯ ಮನೆಯನ್ನು ವ್ಯಾಪಾರವೆಂದೇ ಪರಿಗಣಿಸಿ ಹಲವು ವಿನಾಯಿತಿಗಳನ್ನು ಕೊಟ್ಟಿತು. ವರ್ಷಕ್ಕೆ 140 ದಿನ ಬಾಡಿಗೆಗೆ ತೆರೆದಿಟ್ಟು 70 ದಿನ ನಿಜಕ್ಕೂ ಬಾಡಿಗೆ ಹೋಗಿದ್ದರೆ ಸಾಕಿತ್ತು. ಊರಿನ ಶಾಲಾ ಶಿಕ್ಷಕನಿಗೆ ವರ್ಷಪೂರ್ತಿ ಬಾಡಿಗೆಗೆ ಕೊಟ್ಟವನಿಗೆ ಆ ಸವಲತ್ತಿಲ್ಲ. ಇದರಲ್ಲಿ ಯಾವುದು ಲಾಭವೆಂದು ತಿಳಿಯಲು ಲೆಕ್ಕಪರಿಶೋಧಕ ಬೇಕಿಲ್ಲ.

ತಡೆಯುವ ಯತ್ನಗಳು ನಡೆಯದೆ ಇಲ್ಲ. 1970ರ ದಶಕದ ಕೊನೆಗೆ ಉದ್ಯಾನದ ಯೋಜನಾ ಮಂಡಳಿ, ಹೊಸದಾಗಿ ಕಟ್ಟುವ ಮನೆಗಳಲ್ಲಿ ಸ್ಥಳೀಯರು, ಅಲ್ಲಿ ದುಡಿಯುವವರು ಮಾತ್ರ ವಾಸಿಸಬೇಕೆಂಬ ಷರತ್ತು ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಷರತ್ತು ಹಳೆಯ ಮನೆಗಳಿಗೆ ಅನ್ವಯಿಸುತ್ತಿರಲಿಲ್ಲ. ಹೊರಗಿನ ದುಡ್ಡೆಲ್ಲ ಹಳೆಯ ಕಲ್ಲುಮನೆಗಳತ್ತ ಹರಿದು, ಅವು ಇನ್ನೂ ದುಬಾರಿಯಾದವು. ಬಾಗಿಲ ಮೇಲೆ ಪೂರ್ವಜರ ಹೆಸರಿನಕ್ಷರ ಇರುವ ಮನೆಯನ್ನು ಕೊಳ್ಳಲಾಗದೆ ಅದೇ ಊರಿನ ಹುಡುಗ ಕೆಂಡಲ್ ಪೇಟೆಗೋ ಇನ್ನೂ ದೂರಕ್ಕೋ ಹೋಗುವ ಸ್ಥಿತಿ ಬಂತು. ಕೆಲವು ಹಳ್ಳಿಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಖಾಯಂ ವಾಸವಿಲ್ಲ. ಚಳಿಗಾಲದ ಸಂಜೆ ಅಲ್ಲಿ ದೀಪ ಎಣಿಸುವುದು ಸುಲಭ.

ಟ್ರಸ್ಟ್‌ಗಳಿಗೂ ಈ ಇಕ್ಕಟ್ಟು ತಪ್ಪಲಿಲ್ಲ. ಕಾನಿಸ್ಟನ್ ಬಳಿಯ ಹೈ ಯೂಡೇಲ್ ಬಿಯಾಟ್ರಿಕ್ಸ್ ಪಾಟರ್ ಬಿಟ್ಟುಹೋದ ಹೊಲಮನೆಗಳಲ್ಲೊಂದು. 2005ರಲ್ಲಿ, ಗೇಣಿದಾರರು ನಿವೃತ್ತರಾಗುವ ಸಂದರ್ಭದಲ್ಲಿ, ಅದರ ನೆಲವನ್ನು ಸುತ್ತಲಿನ ಹೊಲಮನೆಗಳಿಗೆ ಹಂಚಲು ನ್ಯಾಷನಲ್ ಟ್ರಸ್ಟ್ ನಿರ್ಧರಿಸಿದಾಗ ದೊಡ್ಡ ಗದ್ದಲವಾಯಿತು. ಸಣ್ಣ ಹೊಲಮನೆಗಳು ತಮ್ಮ ಖರ್ಚು ತಾವು ದುಡಿಯಲಾರವು ಎಂಬುದು ಟ್ರಸ್ಟಿನ ವಾದ. ಒಲೆ ಆರಿದ ಮನೆಯನ್ನು ಮತ್ತೆ ಹೊಲಮನೆ ಮಾಡುವುದು ಆಗದ ಮಾತು ಎಂಬುದು ವಿರೋಧಿಗಳ ವಾದ. ಎರಡರಲ್ಲೂ ಹುರುಳಿತ್ತು.

2017ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೇವಲ ನಿಸರ್ಗದ ಚೆಲುವಿಗಾಗಿ ಅಲ್ಲ. ಕುರಿ ಸಾಕಣೆಯ ಜನ ರೂಪಿಸಿದ ಸಾಂಸ್ಕೃತಿಕ ಭೂದೃಶ್ಯ ಎಂಬ ಕಾರಣಕ್ಕೆ. ಆ ಜನ ಎಷ್ಟು? ಉದ್ಯಾನದೊಳಗಿನ ಒಟ್ಟು ನಿವಾಸಿಗಳೇ ಸುಮಾರು 40,000. ವರ್ಷಕ್ಕೆ ಬಂದುಹೋಗುವವರು ಒಂದೂಮುಕ್ಕಾಲು ಕೋಟಿಯ ಆಸುಪಾಸು.

ಈಚಿನ ವರ್ಷಗಳಲ್ಲಿ ಸರ್ಕಾರವೂ ಸ್ವಲ್ಪ ಎಚ್ಚೆತ್ತಂತಿದೆ. 1984ರ ತೆರಿಗೆ ಸವಲತ್ತು 2025ರ ಏಪ್ರಿಲ್‌ನಲ್ಲಿ ರದ್ದಾಯಿತು. ಅದೇ ತಿಂಗಳಿನಿಂದ, ಯಾರೂ ಖಾಯಂ ವಾಸವಿಲ್ಲದ ಎರಡನೆಯ ಮನೆಗಳ ಮೇಲೆ ಇಮ್ಮಡಿ ತೆರಿಗೆ ಹಾಕುವ ಅಧಿಕಾರ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ಬಂದಿದೆ. ರಜೆ ಬಾಡಿಗೆಯ ಮನೆ ಈ ತೆರಿಗೆಯಿಂದ ಹೊರಗುಳಿಯಬೇಕಾದರೆ ವರ್ಷಕ್ಕೆ 70 ರಾತ್ರಿಯಾದರೂ ಅಲ್ಲಿ ಅತಿಥಿಗಳು ಮಲಗಿರಬೇಕು ಎಂಬ ನಿಯಮ 2023ರಿಂದ ಇದೆ. ಬಿಡಾರದಲ್ಲಿ ಅತಿಥಿಗಳು ಬದಲಾಗುವ ದಿನ ಬೆಳಿಗ್ಗೆ ಹತ್ತಕ್ಕೆ ಹಳಬರು ಹೊರಡುತ್ತಾರೆ. ಸಂಜೆ ನಾಲ್ಕರ ಹೊತ್ತಿಗೆ ಹೊಸಬರು ಬರುತ್ತಾರೆ. ನಡುವಿನ ಆರು ಗಂಟೆಗಳಲ್ಲಿ ಒಲೆಯ ಬೂದಿ ತೆಗೆದು, ಹಾಸಿಗೆ ಬದಲಿಸಿ, ಪಾತ್ರೆ ಎಣಿಸಿಟ್ಟು, ಬೀಗದ ಕೈಯನ್ನು ಮತ್ತೆ ಆ ಉಕ್ಕಿನ ಪೆಟ್ಟಿಗೆಯಲ್ಲಿಡುವ ಹೆಂಗಸರಲ್ಲಿ ಅನೇಕರು ಆ ಕಣಿವೆಯಲ್ಲಿ ಮನೆ ಸಿಗದೆ, ಉದ್ಯಾನದ ಹೊರಗಿನ ಊರುಗಳಿಂದ ಗಾಡಿ ಹತ್ತಿ ಬರುವವರು.