ಹಳೆಯ ಲಾರಿಗೆ ಬ್ಯಾಟರಿ: ಆಯ್ಕೆ ಹೇಗೆ, ಚಾರ್ಜಿಂಗ್ ಹೇಗೆ?

ಹಳೆಯ ಲಾರಿ ಅಥವಾ ಪಿಕಪ್ ವಾಹನವನ್ನು ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳು ಎಂಜಿನ್, ಬಾಡಿ, ಬಣ್ಣಗಳಿಗೆ ಲಕ್ಷಗಟ್ಟಲೆ ಹಣ ವ್ಯಯಿಸುತ್ತಾರೆ. ಬ್ಯಾಟರಿಯ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯಲ್ಲಿ ದೊರೆತದ್ದನ್ನು ತಂದು ಕೂರಿಸುವುದುಂಟು. ಇದರಿಂದ ಡೈನಮೊ ಸುಡಬಹುದು, ಅರ್ಧ ಶತಮಾನ ಕಳೆದ ವೈರಿಂಗ್ ಕರಗಬಹುದು. ಏನೂ ಆಗದಿದ್ದರೂ ಹೊಸ ಬ್ಯಾಟರಿ ವರ್ಷ ತುಂಬುವುದರೊಳಗೆ ನಿರುಪಯುಕ್ತವಾಗುವ ಸಂಭವವಿದೆ. ಇಂಥ ವಾಹನಗಳ ಬ್ಯಾಟರಿ ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಆದ್ದರಿಂದ ಕೊಳ್ಳುವಾಗಿನ ಎಚ್ಚರದಷ್ಟೇ ಕೊಂಡ ನಂತರದ ಚಾರ್ಜಿಂಗ್ ಕ್ರಮವೂ ಮುಖ್ಯ.

ಮೊದಲು ವೋಲ್ಟೇಜ್, ಬಳಿಕ ಅರ್ತ್

ಜನರಲ್ ಮೋಟರ್ಸ್ ಕಂಪೆನಿಯು 1928ರಿಂದ 1954ರವರೆಗೆ ಮುಂಬೈನಲ್ಲಿ ವಾಹನಗಳನ್ನು ಜೋಡಿಸುತ್ತಿತ್ತು. ಆ ಕಾಲದ ಷೆವರ್ಲೆ ಲಾರಿಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟ್‌ನದು. 1955ರ ನಡುವೆ ಬಂದ ಹೊಸ ಮಾದರಿಯೊಂದಿಗೆ ಅಮೆರಿಕದ ಷೆವರ್ಲೆ ಲಾರಿಗಳು 12 ವೋಲ್ಟ್‌ಗೆ ಬದಲಾದವು. ಫೋರ್ಡ್ ಪಿಕಪ್‌ಗಳು 1956ರಲ್ಲಿ ಅದೇ ಹಾದಿ ಹಿಡಿದವು. ಇವೆರಡರ ನಡುವೆ ಇನ್ನೊಂದು ವ್ಯತ್ಯಾಸವಿದೆ. 6 ವೋಲ್ಟ್ ಷೆವರ್ಲೆಯಲ್ಲಿ ಬ್ಯಾಟರಿಯ ಋಣ ಧ್ರುವವನ್ನು ಚಾಸಿಗೆ ಜೋಡಿಸಿದರೆ, 1955ರವರೆಗಿನ 6 ವೋಲ್ಟ್ ಫೋರ್ಡ್‌ನಲ್ಲಿ ಧನ ಧ್ರುವವೇ ಅರ್ತ್. ಇಂದಿನ ವಾಹನಗಳನ್ನಷ್ಟೇ ಕಂಡ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ತಂತಿ ಅದಲುಬದಲು ಮಾಡುವುದು ಇಲ್ಲಿಯೇ.

ತಯಾರಿಕೆಯ ವರ್ಷವೊಂದನ್ನೇ ನಂಬುವಂತಿಲ್ಲ. ಹಿಂದಿನ ಮಾಲೀಕರು 6 ವೋಲ್ಟ್ ವ್ಯವಸ್ಥೆಯನ್ನು 12ಕ್ಕೆ ಬದಲಿಸಿರಬಹುದು. ಡೈನಮೊ, ರೆಗ್ಯುಲೇಟರ್ ಹಾಗೂ ಬಲ್ಬುಗಳ ಮೇಲಿನ ಬರಹವನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಧ್ರುವ ಬದಲಾಗಿದ್ದರೆ ವರ್ಕ್‌ಶಾಪ್ ಕೈಪಿಡಿಯ ಪ್ರಕಾರ ಡೈನಮೊಗೆ ಮತ್ತೆ ಸರಿಯಾದ ಧ್ರುವ ಕೊಡದೆ ಎಂಜಿನ್ ಚಾಲೂ ಮಾಡಬಾರದು.

6 ವೋಲ್ಟ್ ಲಾರಿ ನಿಧಾನವಾಗಿ ಸ್ಟಾರ್ಟ್ ಆಗುತ್ತದೆಂಬ ದೂರು ಸಾಮಾನ್ಯ. ದೋಷ ಅನೇಕ ವೇಳೆ ಬ್ಯಾಟರಿಯದಲ್ಲ, ಕೇಬಲ್‌ನದು. 36 ವಾಟ್‌ನ ದೀಪ 12 ವೋಲ್ಟ್‌ನಲ್ಲಿ 3 ಆಂಪಿಯರ್ ಎಳೆದರೆ 6 ವೋಲ್ಟ್‌ನಲ್ಲಿ 6 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟರ್‌ಗೂ ಇದೇ ಲೆಕ್ಕ. ಆದ್ದರಿಂದ 50ರಿಂದ 70 ಚದರ ಮಿ.ಮೀ. ದಪ್ಪದ ತಾಮ್ರದ ಕೇಬಲ್ ಬೇಕು. ಕಾರಿನ ತೆಳುವಾದ ಕೇಬಲ್ ಹಾಕಿದರೆ ಎಷ್ಟೇ ಒಳ್ಳೆಯ ಬ್ಯಾಟರಿಯೂ ಸೋಲುತ್ತದೆ.

ಯಾವ ಬ್ಯಾಟರಿ ಸೂಕ್ತ?

ಡೈನಮೊ ಮತ್ತು ಹಳೆಯ ರೆಗ್ಯುಲೇಟರ್ ಇರುವ ವಾಹನಕ್ಕೆ ನೀರು ತುಂಬುವ ಸಾಮಾನ್ಯ ಸೀಸ-ಆಮ್ಲ ಬ್ಯಾಟರಿಯೇ ಸುರಕ್ಷಿತ. ವೋಲ್ಟೇಜ್ ಏರುಪೇರಾದರೆ ನಷ್ಟವಾದ ನೀರನ್ನು ಮತ್ತೆ ತುಂಬಬಹುದು. ಮುಚ್ಚಿದ ಎಜಿಎಂ ಮಾದರಿಯಲ್ಲಿ ಆ ಅವಕಾಶವಿಲ್ಲ. ಆದರೆ ಆಮ್ಲ ಚೆಲ್ಲದು, ನಿಂತಾಗ ಚಾರ್ಜ್ ಸೋರುವುದು ಕಡಿಮೆ ಎಂಬ ಅನುಕೂಲ ಅದಕ್ಕಿದೆ. ರೆಗ್ಯುಲೇಟರ್ ಸುಸ್ಥಿತಿಯಲ್ಲಿದ್ದರಷ್ಟೇ ಅದನ್ನು ಆರಿಸಬೇಕು. ಲಿಥಿಯಂ ಬ್ಯಾಟರಿ ಡೈನಮೊದಿಂದ ಅತಿಯಾದ ಕರೆಂಟ್ ಎಳೆಯಬಲ್ಲದಾದ್ದರಿಂದ ಹಳೆಯ ವ್ಯವಸ್ಥೆಗೆ ಹೊಂದದು.

ಬ್ಯಾಟರಿಯ ಮೇಲೆ ಕಾಣುವ ಸಿಸಿಎ ಅಂಕಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿನ ಸಾಮರ್ಥ್ಯವನ್ನು ಹೇಳುತ್ತದೆ. ನಮ್ಮ ಹವೆಯಲ್ಲಿ ಅದರೊಂದಿಗೆ ಆಂಪಿಯರ್-ಅವರ್, ಪೆಟ್ಟಿಗೆಯ ಅಳತೆ ಹಾಗೂ ಟರ್ಮಿನಲ್‌ಗಳ ಸ್ಥಾನವನ್ನೂ ನೋಡಬೇಕು. ಬೈಕಿನ 6 ವೋಲ್ಟ್ ಬ್ಯಾಟರಿ ಲಾರಿಯ ಸ್ಟಾರ್ಟರನ್ನು ತಿರುಗಿಸಲಾರದು. ಮಾರಾಟಗಾರರ ಕಪಾಟಿನಲ್ಲಿ ಬಹುಕಾಲ ಕುಳಿತ ಬ್ಯಾಟರಿ ಅಗ್ಗವಾದರೂ ಬೇಡ. ತಯಾರಿಕೆಯ ತಿಂಗಳು ನೋಡಿಯೇ ಕೊಳ್ಳಬೇಕು.

ನಿಂತರೆ ಕೆಡುವುದೇಕೆ?

ಬ್ಯಾಟರಿ ಖಾಲಿಯಾಗುತ್ತಿರುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಸಣ್ಣ ಹರಳುಗಳಾಗಿ ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳು ದೊಡ್ಡದಾಗಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಬಿಸಿಲು ಹೆಚ್ಚಿದಷ್ಟೂ ಚಾರ್ಜ್ ಸೋರಿಕೆಯ ವೇಗವೂ ಹೆಚ್ಚು.

ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟರೆ ಸಾಕೆಂಬ ನಂಬಿಕೆ ಹಲವರಲ್ಲಿದೆ. ಇದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಹಳೆಯ ಡೈನಮೊ ಐಡ್ಲಿಂಗ್ ವೇಗದಲ್ಲಿ ಬಹುತೇಕ ಏನನ್ನೂ ಉತ್ಪಾದಿಸದು. ಸ್ಟಾರ್ಟರ್ ಎಳೆದ ಚಾರ್ಜ್ ಹಿಂದಿರುಗುವುದಿಲ್ಲ. ಪ್ರತಿ ವಾರವೂ ಬ್ಯಾಟರಿ ಇನ್ನಷ್ಟು ಬಡವಾಗುತ್ತದೆ.

ಚಾರ್ಜಿಂಗ್ ಕ್ರಮ

ಚಾರ್ಜರ್ ಅದೇ ವೋಲ್ಟೇಜಿನದಾಗಿರಬೇಕು. ಚಾರ್ಜಿಂಗ್ ಕರೆಂಟ್ ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗವನ್ನು ಮೀರದಿರುವುದು ಒಳಿತು. 80 ಆಂಪಿಯರ್-ಅವರ್ ಬ್ಯಾಟರಿಗೆ ಇದು 8 ಆಂಪಿಯರ್. ಅರ್ಧ ಖಾಲಿಯಾದ ಬ್ಯಾಟರಿ ಈ ದರದಲ್ಲಿ ತುಂಬಲು ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಅವಸರದ ಚಾರ್ಜಿಂಗ್‌ನಿಂದ ಫಲಕಗಳು ಬಾಗುತ್ತವೆ.

12 ವೋಲ್ಟ್ ಬ್ಯಾಟರಿಗೆ ಸುಮಾರು 14.4, 6 ವೋಲ್ಟ್‌ನದಕ್ಕೆ 7.2 ವೋಲ್ಟ್ ಮಿತಿ. ಇದು 25 ಡಿಗ್ರಿ ಉಷ್ಣತೆಯ ಲೆಕ್ಕ. ರಾಯಚೂರು, ಕಲಬುರ್ಗಿಯಂಥ ಕಡೆಗಳ 40 ಡಿಗ್ರಿ ಬೇಸಿಗೆಯಲ್ಲಿ 12 ವೋಲ್ಟ್ ಬ್ಯಾಟರಿಗೆ 14.1ರ ಆಸುಪಾಸಿನಲ್ಲಿ ನಿಲ್ಲಿಸುವುದು ಲೇಸು. ಚಾರ್ಜ್ ತೆಗೆದು ಕೆಲವು ಗಂಟೆಗಳ ನಂತರ 12.6 ಅಥವಾ 6.3 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಅಥವಾ 6.2ಕ್ಕೆ ಇಳಿದಾಗ ಮತ್ತೆ ಚಾರ್ಜ್ ಮಾಡಬೇಕು. ವಾಹನ ಓಡದಿದ್ದರೆ ತಿಂಗಳಿಗೊಮ್ಮೆ ಪರೀಕ್ಷೆ ಕಡ್ಡಾಯ.

ಹೈಡ್ರೊಮೀಟರ್ ಇನ್ನೂ ನಂಬಿಕಸ್ಥ ಸಾಧನ. ಒಂದು ಸೆಲ್‌ನ ಸಾಂದ್ರತೆ ಉಳಿದವುಗಳಿಗಿಂತ 0.050ರಷ್ಟು ಕಡಿಮೆಯಿದ್ದರೆ ಆ ಸೆಲ್ ಕೆಡುತ್ತಿದೆ ಎಂದರ್ಥ. ಕಡಿಮೆಯಾಗುವುದು ನೀರೇ ಹೊರತು ಆಮ್ಲವಲ್ಲ. ಆದ್ದರಿಂದ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಫಲಕ ಮುಳುಗುವಷ್ಟನ್ನು ಮೊದಲು, ಉಳಿದುದನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು.

ಎಚ್ಚರ ತಪ್ಪಿದರೆ ಅಪಾಯ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 4ಕ್ಕೆ ತಲುಪಿದರೆ ಒಂದು ಕಿಡಿಯೂ ಸ್ಫೋಟಕ್ಕೆ ಸಾಕು. ಆಗ ಆಮ್ಲ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಗಾಳಿಯಾಡುವ ಜಾಗದಲ್ಲಿ, ಕನ್ನಡಕ ಧರಿಸಿ ಕೆಲಸ ಮಾಡಬೇಕು. ಚಾರ್ಜರ್‌ನ ಕ್ಲಿಪ್‌ಗಳನ್ನು ಮೊದಲು ಹಾಕಿ ಅನಂತರ ಸ್ವಿಚ್ ಒತ್ತಬೇಕು. ತೆಗೆಯುವಾಗ ಮೊದಲು ಸ್ವಿಚ್ ಆರಿಸಬೇಕು. ಬ್ಯಾಟರಿ ಬಿಚ್ಚುವಾಗ ಅರ್ತ್ ಕೇಬಲ್ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಅರ್ತ್ ಧನವೋ ಋಣವೋ, ನಿಯಮ ಒಂದೇ. ಆಮ್ಲ ಕಣ್ಣಿಗೆ ತಾಗಿದರೆ ಕನಿಷ್ಠ 15 ನಿಮಿಷ ನೀರಿನಿಂದ ತೊಳೆಯುತ್ತಲೇ ವೈದ್ಯರ ಬಳಿ ಹೋಗುವ ವ್ಯವಸ್ಥೆ ಮಾಡಬೇಕು.

ಕೆಟ್ಟ ಬ್ಯಾಟರಿಯನ್ನು ಗುಜರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಅಧಿಕೃತ ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೇ ಸೇರಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಹಿಂದಿರುಗಿಸಿದರೆ ಬೆಲೆಯಲ್ಲಿ ರಿಯಾಯಿತಿಯೂ ಸಾಮಾನ್ಯವಾಗಿ ದೊರೆಯುತ್ತದೆ.