ಸುದ್ದಿ ಇಲ್ಲ ಅಂದ್ರೆ ಕ್ಷೇಮ ಅಂತಲಾ?

ನಿಮ್ಮ ಮನೆಯಲ್ಲಿ ರೌಟರ್ ಪಕ್ಕ ಒಂದು ಪುಟ್ಟ ಸರ್ವರ್ ಇದೆಯಾ? ಇದ್ದರೆ ಅದರೊಳಗೆ ಏನಿರುತ್ತೆ ಅಂತ ಊಹಿಸೋದು ಕಷ್ಟವಲ್ಲ: ಮಕ್ಕಳ ಫೋಟೋ, ಊರಿನ ಮದುವೆಯ ವಿಡಿಯೋ, ಅಜ್ಜಿಯ ದನಿ ಇರುವ ನಾಲ್ಕಾರು ರೆಕಾರ್ಡಿಂಗ್. ಕಳೆದುಹೋದರೆ ಇವನ್ನು ಯಾವ ದೇಶದಲ್ಲೂ ಮತ್ತೆ ಕೊಳ್ಳೋಕಾಗಲ್ಲ. ಆ ಪೆಟ್ಟಿಗೆ ಆರೋಗ್ಯವಾಗಿದೆ ಅಂತ ನಿಮಗೆ ಹೇಗೆ ಗೊತ್ತು? "ತೊಂದರೆ ಆದ್ರೆ ಇಮೇಲ್ ಬರುತ್ತಲ್ಲ" ಅಂತೀರಾ? ಆ ನಂಬಿಕೆ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು, ಸ್ವಲ್ಪ ನೋಡೋಣ.

ಕಥೆ ಶುರುವಾಗೋದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ 'ಕ್ರಾನ್' ಎಂಬ ಪ್ರೋಗ್ರಾಂ ಇತ್ತು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡೋದೇ ಅದರ ಕಾಯಕ. ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್ ಮುಂದೆ ಲಿನಕ್ಸ್ ಲೋಕದಲ್ಲೆಲ್ಲ ಹರಡಿತು. ರಾತ್ರಿಯ ಕೆಲಸ ಏನಾದರೂ ಮಾತಾಡಿದರೆ, ಅಂದರೆ ಪರದೆಗೆ ಏನಾದರೂ ಬರೆದರೆ, ಕ್ರಾನ್ ಅದನ್ನು ಯಜಮಾನನಿಗೆ ಮೇಲ್ ಮಾಡುತ್ತದೆ. ಮಾತಾಡದಿದ್ದರೆ ಮೇಲ್ ಇಲ್ಲ. ಕೆಲಸ ಸರಿಯಾಗಿ ಮುಗಿದರೆ ಸುಮ್ಮನಿರು ಅನ್ನೋದು ಯುನಿಕ್ಸ್ ಸಂಪ್ರದಾಯ. ಹಾಗಾಗಿ ಮೌನ ಅಂದ್ರೆ ಕ್ಷೇಮ ಅನ್ನೋ ಅಭ್ಯಾಸ ನಮಗೂ ಬಂತು.

ಆಮೇಲೆ ಡಿಸ್ಕ್‌ಗಳೂ ಮಾತು ಕಲಿತವು. 1992ರಲ್ಲಿ ಐಬಿಎಂ ತನ್ನ ಎಎಸ್/400 ಸರ್ವರ್‌ಗಳ ಡಿಸ್ಕ್‌ಗಳಿಗೆ, ಕೆಡುವ ಮೊದಲೇ ಸೂಚನೆ ಕೊಡುವ ವ್ಯವಸ್ಥೆ ತಂದಿತು. ಕಾಂಪ್ಯಾಕ್ ಕಂಪನಿಯೂ ಡಿಸ್ಕ್ ತಯಾರಕರ ಜೊತೆ ಸೇರಿ ಇಂಥದ್ದೇ ಒಂದನ್ನು ರೂಪಿಸಿತು. ಇವೆಲ್ಲದರಿಂದ ಹುಟ್ಟಿದ್ದು 'ಸ್ಮಾರ್ಟ್' ಎಂಬ ಮಾನದಂಡ: ಡಿಸ್ಕ್ ತನ್ನ ನಾಡಿಯನ್ನು ತಾನೇ ಹಿಡಿದು ನೋಡುವ ವಿದ್ಯೆ.

ಆದರೆ ಆ ನಾಡಿಯ ಲೆಕ್ಕವನ್ನು ಓದಿ ನಮಗೆ ತಿಳಿಸೋರು ಬೇಕಲ್ಲ? 2002ರಲ್ಲಿ ಆ ಕೆಲಸಕ್ಕೆ ಕೈ ಹಾಕಿದ್ದು ಒಬ್ಬ ಭೌತವಿಜ್ಞಾನಿ. ಮಿಲ್ವಾಕಿಯಲ್ಲಿ ಗುರುತ್ವ ಅಲೆಗಳನ್ನು ಹುಡುಕುತ್ತಿದ್ದ ಬ್ರೂಸ್ ಆಲೆನ್ ಅವರ ಬಳಿ ನೂರಾರು ಕಂಪ್ಯೂಟರ್‌ಗಳ ಸಮೂಹವಿತ್ತು. ಅಷ್ಟೊಂದು ಡಿಸ್ಕ್‌ಗಳನ್ನು ಕೈಯಾರೆ ವಿಚಾರಿಸೋಕಾಗುತ್ತಾ? ಹಳೆಯ ಒಂದು ಪ್ರೋಗ್ರಾಂ ಆಧರಿಸಿ ಅವರು ಶುರು ಮಾಡಿದ 'ಸ್ಮಾರ್ಟ್‌ಮಾನ್‌ಟೂಲ್ಸ್' ಇವತ್ತು ಎಷ್ಟೋ ಮನೆಯ ಸರ್ವರ್‌ಗಳಲ್ಲಿದೆ. ಬೇರೆ ಏನೂ ಹೇಳದಿದ್ದರೆ ಅದು 30 ನಿಮಿಷಕ್ಕೊಮ್ಮೆ ಡಿಸ್ಕನ್ನು ವಿಚಾರಿಸುತ್ತದೆ. ಅನುಮಾನ ಬಂದರೆ ಮೇಲ್ ಕಳಿಸುತ್ತದೆ.

ಹಾಗಾದರೆ ನಿಶ್ಚಿಂತೆಯಾ? ಇಲ್ಲ. 2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 36ಕ್ಕೂ ಹೆಚ್ಚಿನವು, ಉಷ್ಣಾಂಶ ಬಿಟ್ಟರೆ, ಸ್ಮಾರ್ಟ್‌ನ ಯಾವ ದೋಷದ ಲೆಕ್ಕವನ್ನೂ ತೋರಿಸಿರಲಿಲ್ಲ. ಸದ್ದಿಲ್ಲದೆ ಸತ್ತಿದ್ದವು.

ಇನ್ನೊಂದು ಘಟನೆ ಇದಕ್ಕಿಂತ ದೊಡ್ಡ ಪಾಠ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ, ಇರಬೇಕಾದ ಜಾಗ ಖಾಲಿ! ಪ್ರೋಗ್ರಾಂನ ಆವೃತ್ತಿ ಹೊಂದದೆ ಬ್ಯಾಕಪ್ ಆಗ್ತಾನೇ ಇರಲಿಲ್ಲ. ಕ್ರಾನ್ ಪಾಪ, ಸೋತಿದೆ ಅಂತ ಮೇಲ್ ಕಳಿಸಿತ್ತು. ಆದರೆ ಆ ಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸಿತ್ತು. ಸುಮಾರು ಆರು ಗಂಟೆ ಮೊದಲು ಒಬ್ಬರು ಬೇರೆ ಕಾರಣಕ್ಕೆ ಕೈಯಾರೆ ತೆಗೆದಿಟ್ಟ ಪ್ರತಿಯೊಂದು ಇದ್ದದ್ದರಿಂದ ಬಚಾವಾದರು. ಆ ಆರು ಗಂಟೆಯಲ್ಲಿ ಡೇಟಾಬೇಸ್ ಸೇರಿದ್ದು ಮಾತ್ರ ಹೋಯಿತು.

ನೋಡಿ, ಕ್ಷೇಮವಾಗಿರುವ ಯಂತ್ರವೂ ಸುಮ್ಮನಿರುತ್ತೆ, ಸತ್ತ ಯಂತ್ರವೂ ಸುಮ್ಮನಿರುತ್ತೆ. ಎರಡೂ ಮೌನ ಒಂದೇ ಥರ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅವರ ಕಾಗದಗಳು "ಉಭಯ ಕುಶಲೋಪರಿ" ಅಂತಲೋ, "ಇಲ್ಲಿ ನಾವೆಲ್ಲ ಕ್ಷೇಮ" ಅಂತಲೋ ಶುರುವಾಗುತ್ತಿದ್ದವು. ವಿಶೇಷ ಏನೂ ಇಲ್ಲದಿದ್ದರೂ ಆ ಸಾಲು ಇರಲೇಬೇಕು. ಕಾಗದ ಬರೋದು ತಡವಾದರೆ ಅದೇ ಒಂದು ಸುದ್ದಿ. ಮನೆಯವರ ಎದೆ ಹೊಡೆದುಕೊಳ್ಳುತ್ತಿತ್ತು.

ಈಗ ಸರ್ವರ್ ಲೋಕವೂ ಇದೇ ದಾರಿ ಹಿಡಿದಿದೆ. ಬ್ಯಾಕಪ್ ಮುಗಿದ ಕೂಡಲೇ ಯಂತ್ರ ಒಂದು ಪುಟ್ಟ ಸಂದೇಶ ಕಳಿಸುತ್ತದೆ: "ನಾನು ಕ್ಷೇಮ". ಹೊತ್ತಿಗೆ ಸರಿಯಾಗಿ ಅದು ಬಾರದಿದ್ದರೆ ಕಾಯುತ್ತಿರುವ ಇನ್ನೊಂದು ಯಂತ್ರ ನಿಮ್ಮನ್ನು ಎಬ್ಬಿಸುತ್ತದೆ. ರೈಲು ಚಾಲಕ ಹಿಡಿಕೆ ಬಿಟ್ಟರೆ ಗಾಡಿ ತಾನೇ ನಿಲ್ಲುತ್ತಲ್ಲ, ಅದೇ ತರ್ಕ. ಕಾಯುವ ಯಂತ್ರ ಮಾತ್ರ ಮನೆಯ ಹೊರಗಿರಬೇಕು. ಕರೆಂಟ್ ಹೋದರೆ ಎರಡೂ ಒಟ್ಟಿಗೆ ಮಲಗಬಾರದು.

ಈ ವಾರಾಂತ್ಯ ಎರಡು ಕೆಲಸ ಮಾಡಿ. ಸ್ಮಾರ್ಟ್‌ಮಾನ್‌ಟೂಲ್ಸ್‌ನಲ್ಲಿ ಪರೀಕ್ಷಾ ಮೇಲ್ ಕಳಿಸುವ ಆಯ್ಕೆ ಇದೆ. ಅದು ನಿಮ್ಮ ಇನ್‌ಬಾಕ್ಸ್‌ಗೆ ನಿಜವಾಗಿ ಬರುತ್ತಾ ನೋಡಿ, ಸ್ಪ್ಯಾಮ್‌ಗೆ ಹೋಗಿದೆಯಾ ಅಂತಲೂ ಹುಡುಕಿ. ಆಮೇಲೆ ಬ್ಯಾಕಪ್‌ನಿಂದ ಅಜ್ಜಿಯ ಒಂದು ರೆಕಾರ್ಡಿಂಗ್ ಹೊರತೆಗೆದು ಪೂರ್ತಿ ಕೇಳಿ. ವರದಿ ಏನೇ ಹೇಳಲಿ, ಅವರ ದನಿ ಕಿವಿಗೆ ಬಿದ್ದಾಗಲೇ ಬ್ಯಾಕಪ್ ಇದೆ ಅಂತ ಲೆಕ್ಕ.